ಹೆಸರಿಗೆ ಊರಲ್ಲದ ಊರು: ಗೋವಾದ ಗಣಿವಾಡೆಯೊಂದರ ದಾಖಲೆ ಮಾಡುವ ಬಗೆ

ಡಿಚೋಲಿ ತಾಲ್ಲೂಕಿನ ಶಿರಗಾಂವ್‌ನಿಂದ ಸಾಂಗೆ ತಾಲ್ಲೂಕಿನ ರಿವಣದ ಕಡೆಗೆ, ಸಹ್ಯಾದ್ರಿಯ ಬುಡ ಹಿಡಿದು ಅದಿರಿನ ಪಟ್ಟಿ ಹಾಯ್ದು ಹೋಗಿದೆ. ಈ ಗುಡ್ಡಗಳ ಸಂದಿಯಲ್ಲಿ ಇಪ್ಪತ್ತು ಮನೆ, ಐವತ್ತು ಮನೆಗಳ ವಾಡೆಗಳಿವೆ. ಮೈನ್ಸ್ ಕೆಲಸಕ್ಕೆಂದು ಬಿಜಾಪುರ, ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯಿಂದ ಬಂದವರು ಚಾಳಗಳಲ್ಲಿ (ಸಾಲು ಕೋಣೆಗಳ ಮನೆಗಳಲ್ಲಿ) ನೆಲೆಸಿ ಕಟ್ಟಿಕೊಂಡ ಜಾಗಗಳೂ ಅವುಗಳಲ್ಲಿ ಸೇರಿವೆ. ಗಣಿ ನಿಂತಿತು, ಜನ ಉಳಿದರು. ಆದರೆ ವಾಡೆಗೆ ತನ್ನದೇ ಪಂಚಾಯ್ತಿ ಇಲ್ಲ, ಜನಗಣತಿಯಲ್ಲಿ ಬೇರೆ ಸಾಲಿಲ್ಲ, ಅಂಚೆಯೂ ಪಕ್ಕದೂರಿನದು. ಅಂಥ ಒಂದು ವಾಡೆಯ ನಕ್ಷೆ, ಕಾಗದ, ನೀರು, ನೆನಪು ಇವನ್ನು ಒಂದೆಡೆ ಕೂಡಿಸುವ ಕೆಲಸಕ್ಕೆ ಈ ಬರಹ. ಇಬ್ಬರೋ ಮೂವರೋ ಇದ್ದರೆ, ನವೆಂಬರಿನಿಂದ ಮೇ ತನಕದ ಒಂದು ಬೇಸಿಗೆಯಲ್ಲಿ ಎಂಟು ಹತ್ತು ಭಾನುವಾರ ಕೊಟ್ಟರೆ ಮುಗಿಯುತ್ತದೆ. ಒಬ್ಬರೇ ಮಾಡಬೇಡಿ, ಟೇಪಿನ ಇನ್ನೊಂದು ತುದಿ ಹಿಡಿಯಲಿಕ್ಕಾದರೂ ಇನ್ನೊಬ್ಬರು ಬೇಕು.

ಮೊದಲ ಕೆಲಸ: ಹೆಸರುಗಳ ಪಟ್ಟಿ

ಹೆಚ್ಚಿನವರು ಎಡವುವುದು ಇಲ್ಲೇ. ವಾಡೆಯವರು ಕರೆಯುವ ಹೆಸರನ್ನೇ ಹಿಡಿದು ಪಣಜಿಯ ಕಚೇರಿಗೆ ಹೋಗಿ ಕೇಳಿದರೆ ‘ಆ ಹೆಸರಿನ ಊರೇ ಇಲ್ಲ’ ಎಂಬ ಉತ್ತರ ಬರುತ್ತದೆ. ಊರು ಇದೆ, ಬೇರೆ ಬೇರೆ ಕಾಗದದಲ್ಲಿ ಬೇರೆ ಬೇರೆ ಹೆಸರಿನಲ್ಲಿದೆ. ಒಂದು ನೋಟ್‌ಬುಕ್ಕಿನ ಮೊದಲ ಎರಡು ಪುಟ ಇದಕ್ಕೇ ಬಿಡಿ. ಬರೆಯಬೇಕಾದವು ಇಷ್ಟು: ಕನ್ನಡದವರು ಕರೆಯುವ ಹೆಸರು, ಕೊಂಕಣಿಯವರು ಕರೆಯುವ ಹೆಸರು, ಬಸ್ ಸ್ಟಾಪಿನ ಹೆಸರು, ಪಂಚಾಯ್ತಿ ಮತ್ತು ವಾರ್ಡ್ ನಂಬರು, ಕಂದಾಯ ಗ್ರಾಮದ ಹೆಸರು, ಸರ್ವೆ ನಂಬರು, ಗಣಿ ಲೀಸಿನ ಹೆಸರು, ಕರೆಂಟ್ ಬಿಲ್ಲಿನ ಮೇಲಿನ ವಿಳಾಸ. ಕೊನೆಗೆ, ಹಳಬರು ನೆನಪಿಟ್ಟುಕೊಂಡಿರುವ ಮುಕಾದಮನ, ಅಂದರೆ ಕೂಲಿಯವರ ಮೇಸ್ತ್ರಿಯ, ಹೆಸರು. ‘ಫಲಾನೆಯವನ ಚಾಳ’ ಎಂದೇ ಎಷ್ಟೋ ವಾಡೆಗಳು ಶುರುವಾಗಿದ್ದು.

ಬಸ್ ಸ್ಟಾಪಿನ ಹೆಸರನ್ನು ಹಗುರವಾಗಿ ಎಣಿಸಬೇಡಿ. ಗೋವಾ ಸರ್ಕಾರದ ಕದಂಬ ಬಸ್ಸಿನ ಕಂಡಕ್ಟರ್ ಕೂಗುವ ಹೆಸರು ಕೆಲವೊಮ್ಮೆ ಮುಚ್ಚಿಹೋದ, ಲಾರಿ ತೂಗುವ ವೇಬ್ರಿಜ್ಜಿನದು, ಕೆಲವೊಮ್ಮೆ ಕಂಪನಿಯ ಗೇಟಿನದು. ವಾಡೆ ಹುಟ್ಟಿದ ಕಾರಣ ಆ ಒಂದು ಕೂಗಿನಲ್ಲಿ ಸಿಗಬಹುದು.

ರೋಮನ್ ಲಿಪಿಯ ಪೋರ್ಚುಗೀಸ್ ಕಾಗುಣಿತ ಇನ್ನೊಂದು ಗಂಟು. ಊರ ಹೆಸರಿನ ಕೊನೆಗೆ ಬರುವ ‘ಎಂ’ ಅಕ್ಷರವನ್ನು ಪೂರ್ತಿ ‘ಮ್’ ಎಂದು ಓದಬಾರದು, ಅದು ಸ್ವರ ಮೂಗಿನಲ್ಲಿ ಹೊರಡಬೇಕೆಂಬ ಗುರುತು. ‘ಎಕ್ಸ್’ ಬಂದರೆ ‘ಶ’: ಕೇಪೆ ತಾಲ್ಲೂಕಿನ ಶೆಲ್ಡೆಯನ್ನು ಕಾಗದದಲ್ಲಿ ಎಕ್ಸ್‌ನಿಂದ ಹುಡುಕಬೇಕು. ‘ಕ್ಯೂ-ಯು’ ಬಂದರೆ ‘ಕ’; ಕೇಪೆಯೇ ಅದಕ್ಕೆ ಉದಾಹರಣೆ. ಡಿಚೋಲಿ ಬಿಚೋಲಿಂ ಆಗಿರುತ್ತದೆ, ಸಾವರ್ಡೆ ಸಾನ್ವೊರ್ಡೆಂ ಆಗಿರುತ್ತದೆ. ಒಂದು ಹೆಸರಿಗೆ ಮೂರು ಕಾಗುಣಿತ ಬರೆದಿಟ್ಟುಕೊಂಡೇ ಸೂಚಿ ತಿರುವಿ ಹಾಕಿ.

ಕಾಗದ ಎಲ್ಲೆಲ್ಲಿದೆ

ಗೋವಾದ ಗಣಿಗಳ ಲೆಕ್ಕ ಎರಡು ಕಾಲದ್ದು. 1961ರ ಡಿಸೆಂಬರ್ 19ಕ್ಕೆ ಮುಂಚೆ ಪೋರ್ಚುಗೀಸ್ ಸರ್ಕಾರ ಗಣಿಗಳನ್ನು ‘ಕೊನ್ಸೆಸ್ಸಾಂವ್’ ಎಂದು ಬರೆದುಕೊಡುತ್ತಿತ್ತು. ಕೊಟ್ಟ ಪತ್ರಕ್ಕೆ ‘ತೀತುಲು ದೆ ಕೊನ್ಸೆಸ್ಸಾಂವ್’ ಎಂದು ಹೆಸರು. ಇವತ್ತಿಗೂ ಲೀಸುಗಳ ಹೆಸರಿನ ಜೊತೆ ಬರುವ ‘ಟಿ.ಸಿ.’ ಎಂಬ ಎರಡಕ್ಷರ ಅದೇ. ಟಿ.ಸಿ. ಆದ ಮೇಲೆ ಒಂದು ಸಂಖ್ಯೆ, ಓರೆಗೆರೆ, ಮತ್ತೊಂದು ಸಂಖ್ಯೆ ಇರುತ್ತದೆ. ಮೊದಲನೆಯದು ಕ್ರಮಸಂಖ್ಯೆ, ಎರಡನೆಯದು ವರ್ಷ. 51 ಎಂದಿದ್ದರೆ 1951. ಈ ಕೊನ್ಸೆಸ್ಸಾಂವ್‌ಗಳನ್ನೆಲ್ಲ ರದ್ದುಮಾಡಿ ಭಾರತದ ಕಾನೂನಿನ ಲೀಸುಗಳನ್ನಾಗಿ ಮಾಡಿದ್ದು 1987ರ ಕಾಯ್ದೆ, ಜಾರಿಯ ದಿನಾಂಕವನ್ನು ಮಾತ್ರ ಹಿಂದಕ್ಕೆ, 1961ರ ಡಿಸೆಂಬರ್ 20ಕ್ಕೆ ಒಯ್ದಿತು. ಹಾಗಾಗಿ ಒಂದೇ ಗುಡ್ಡಕ್ಕೆ ಸಂಬಂಧಿಸಿದ ಕಾಗದದಲ್ಲಿ 1951, 1961, 1987 ಮೂರೂ ಇಸವಿ ಕಂಡರೆ ಗಾಬರಿ ಬೇಡ.

ಟಿ.ಸಿ. ಇಸವಿಯೇ ವಾಡೆಯ ಹುಟ್ಟಿದ ಇಸವಿ ಎಂದು ಬರೆದುಬಿಡುವುದು ದೊಡ್ಡ ತಪ್ಪು. ಪರವಾನಗಿ ಸಿಕ್ಕಿ ವರ್ಷಗಟ್ಟಲೆ ಅಗೆಯದೆ ಬಿಟ್ಟ ಗುಡ್ಡಗಳಿವೆ. ತೆಗೆದ ಅದಿರನ್ನು ಹೊಳೆಯ ದಂಡೆಗೆ ಸಾಗಿಸಲು ರಸ್ತೆಯಾದ ಮೇಲೆಯೇ ಜನ ಬಂದು ಕೂತ ವಾಡೆಗಳಿವೆ.

ಹಳೆಯ ಪ್ರಕಟಣೆಗಳಿಗೆ ಪಣಜಿಯ ಪಾಟೊದಲ್ಲಿರುವ ಕೃಷ್ಣದಾಸ್ ಶಾಮಾ ಗೋವಾ ರಾಜ್ಯ ಕೇಂದ್ರ ಗ್ರಂಥಾಲಯಕ್ಕೆ ಹೋಗಿ. 1832ರಲ್ಲಿ ಶುರುವಾದ ಸಂಸ್ಥೆ. ಪೋರ್ಚುಗೀಸ್ ಕಾಲದ ಸರ್ಕಾರಿ ಗೆಜೆಟ್ ‘ಬೊಲೆತಿಂ ಒಫಿಸಿಯಾಲ್’ ಕೇಳಿ. ಪೋರ್ಚುಗೀಸ್ ಬಾರದಿದ್ದರೂ ನಾಲ್ಕು ಪದ ಕಣ್ಣಿಗೆ ಬಿದ್ದರೆ ಸಾಕು: ‘ಮಿನಾಶ್’ ಎಂದರೆ ಗಣಿಗಳು, ‘ಫೆರ್ರು’ ಕಬ್ಬಿಣ, ‘ಮಾಂಗಾನೆಶ್’ ಮ್ಯಾಂಗನೀಸ್, ‘ಮೊಂತ್’ ಗುಡ್ಡ. ಪುಟದ ಫೋಟೊ ತೆಗೆಯುವಾಗ ಪುಟಸಂಖ್ಯೆ, ಸಂಚಿಕೆಯ ತಾರೀಖು ಎರಡೂ ಚೌಕಟ್ಟಿನೊಳಗೆ ಬರಲಿ. ಅವಿಲ್ಲದ ಫೋಟೊ ಮನೆಗೆ ಬಂದ ಮೇಲೆ ಏತಕ್ಕೂ ಬಾರದು.

ಜಮೀನಿನ ಲೆಕ್ಕಕ್ಕೆ ‘ಫಾರ್ಮ್ ಒಂದು ಮತ್ತು ಹದಿನಾಲ್ಕು’ ನೋಡಬೇಕು. ನಮ್ಮ ಕಡೆಯ ಪಹಣಿ ಇದ್ದಂತೆ. ಸರ್ವೆ ನಂಬರು ಗೊತ್ತಿದ್ದರೆ ಭೂದಾಖಲೆ ಇಲಾಖೆಯ ಜಾಲತಾಣದಲ್ಲಿ ಸಿಗುತ್ತದೆ, ಸರ್ವೆ ನಕಾಶೆಯೂ ಸಿಗುತ್ತದೆ. ಅಲ್ಲಿ ಕಬ್ಜೆದಾರನ ಹೆಸರಿನ ಜೊತೆಗೆ ಕುಳದ (ಗೇಣಿದಾರನ) ಕಾಲಂ, ಇತರ ಹಕ್ಕುಗಳ ಕಾಲಂ ಎರಡನ್ನೂ ಬಿಡದೆ ಓದಿ. ವಾಡೆ ನಿಂತ ನೆಲ ಕಂಪನಿಯದೋ, ಕೊಮುನಿದಾದ್ ಎಂಬ ಊರೊಟ್ಟಿನ ಸಂಸ್ಥೆಯದೋ, ಅರಣ್ಯದ್ದೋ ಆಗಿರುವುದು ಸಾಮಾನ್ಯ. ಮನೆಪಟ್ಟಿ (ಮನೆ ತೆರಿಗೆ) ಕಟ್ಟಿದ ರಸೀದಿ ಇದೆ ಎಂದರೆ ನೆಲ ಅವರದಾಯಿತು ಎಂದಲ್ಲ. ಇದು ಬರೆಯುವವರಿಗೂ ಗೊತ್ತಿರಬೇಕು, ಮನೆಯವರಿಗೆ ತಪ್ಪು ಭರವಸೆ ಕೊಡಬಾರದು.

ಪಂಚಾಯ್ತಿಯಲ್ಲಿ ಮನೆಪಟ್ಟಿ ರಿಜಿಸ್ಟರ್ ಇದೆ. ಬಾಯಿಮಾತಿನಲ್ಲಿ ತೋರಿಸಿದರೆ ಒಳ್ಳೆಯದು. ಇಲ್ಲದಿದ್ದರೆ ಮಾಹಿತಿ ಹಕ್ಕಿನ ಅರ್ಜಿ: ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಅರ್ಜಿ ಕನ್ನಡದಲ್ಲಿ ಬರೆದರೆ ನಡೆಯುವುದಿಲ್ಲ, ಇಂಗ್ಲಿಷ್, ಹಿಂದಿ ಅಥವಾ ಅಲ್ಲಿಯ ಆಡಳಿತ ಭಾಷೆಯಲ್ಲಿರಬೇಕು. ‘ವಾಡೆಯ ಬಗ್ಗೆ ಎಲ್ಲ ಮಾಹಿತಿ ಕೊಡಿ’ ಎಂದು ಕೇಳಿದರೆ ಏನೂ ಬರುವುದಿಲ್ಲ. ‘ಇಂಥ ವಾರ್ಡಿನಲ್ಲಿ ಇಂಥ ವರ್ಷದಲ್ಲಿ ಮನೆಪಟ್ಟಿಗೆ ಸೇರಿಸಿದ ಮನೆಗಳ ಸಂಖ್ಯೆ’ ಎಂದು ಕೇಳಿ.

ಜನಗಣತಿಯ ಜಿಲ್ಲಾ ಕೈಪಿಡಿಯಲ್ಲಿ ವಾಡೆ ಹುಡುಕುವುದು ದಂಡ, ಅದರ ಜನ ಕಂದಾಯ ಗ್ರಾಮದ ಲೆಕ್ಕದಲ್ಲಿ ಕರಗಿರುತ್ತಾರೆ. ಅದರ ಬದಲು ಮತದಾರರ ಪಟ್ಟಿ ತೆಗೆಯಿರಿ. ಪ್ರತಿ ಭಾಗದ ಮೊದಲ ಪುಟದಲ್ಲಿ ಆ ಭಾಗಕ್ಕೆ ಸೇರಿದ ವಾಡೆಗಳ ಹೆಸರು ಅಚ್ಚಾಗಿರುತ್ತದೆ. ಸರ್ಕಾರಿ ಕಾಗದದಲ್ಲಿ ವಾಡೆಯ ಹೆಸರು ಇದೊಂದೇ ಕಡೆ ಸಿಕ್ಕಿದ್ದೂ ಉಂಟು.

ಹತ್ತಿರದ ಪ್ರಾಥಮಿಕ ಶಾಲೆಯ ಜನರಲ್ ರಿಜಿಸ್ಟರ್ ನಮ್ಮ ಲೆಕ್ಕದಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು. ಮಗು ಹುಟ್ಟಿದ ಊರು, ಮಾತೃಭಾಷೆ, ಸೇರಿದ ವರ್ಷ, ಬಿಟ್ಟ ವರ್ಷ, ಬಿಟ್ಟ ಕಾರಣ ಎಲ್ಲ ಅದರಲ್ಲಿರುತ್ತದೆ. ಹೆಡ್‌ಮಾಸ್ತರರ ಒಪ್ಪಿಗೆ ಪಡೆದು, ಮಕ್ಕಳ ಹೆಸರು ಬರೆದುಕೊಳ್ಳದೆ, ವರ್ಷಕ್ಕೆ ಎಷ್ಟು ಮಕ್ಕಳು, ಯಾವ ಜಿಲ್ಲೆಯಲ್ಲಿ ಹುಟ್ಟಿದವರು ಎಂದಷ್ಟೇ ಗೀಟು ಹಾಕಿಕೊಳ್ಳಿ. ವಲಸೆಯ ಏರಿಳಿತ ಆ ಗೀಟುಗಳಲ್ಲೇ ಎದ್ದು ಕಾಣುತ್ತದೆ. ಮಕ್ಕಳಿಲ್ಲದೆ ಶಾಲೆ ಮುಚ್ಚಿದ್ದರೆ ರಿಜಿಸ್ಟರ್ ಯಾವ ಶಾಲೆಗೆ ಹೋಯಿತೆಂದು ಕೇಳಿ.

ಮನೆಗಳ ಟ್ರಂಕಿನಲ್ಲಿ ಇರುವ ಕಾಗದ ಬೇರೆಯದೇ ಗಂಟು: ಪಗಾರ ಚೀಟಿ, ಪಿ.ಎಫ್. ಸ್ಲಿಪ್ಪು, ಗಣಿಯ ಹಾಜರಿ ಕಾರ್ಡು, ತಿಸ್ಕ್‌ನಲ್ಲಿದ್ದ ಗಣಿ ಕಾರ್ಮಿಕರ ಆಸ್ಪತ್ರೆಯ ಚೀಟಿ. ಇವನ್ನು ಮನೆಯಿಂದ ಹೊರಗೆ ಒಯ್ಯಬೇಡಿ, ‘ನಾಳೆ ತಂದುಕೊಡ್ತೀವಿ’ ಎಂದು ಹೇಳಲೂ ಬೇಡಿ. ಬಾಗಿಲ ಹೊರಗಿನ ನೆರಳಿನಲ್ಲಿ ಬಿಳಿ ಬಟ್ಟೆ ಹಾಸಿ, ಪಕ್ಕದಲ್ಲೊಂದು ಸ್ಕೇಲು ಇಟ್ಟು, ಫ್ಲ್ಯಾಶ್ ಇಲ್ಲದೆ, ಎರಡೂ ಮಗ್ಗುಲಿನ ಫೋಟೊ ತೆಗೆದು ಅಲ್ಲೇ ಮರಳಿಸಿ.

ನಕ್ಷೆ

ಮನೆಯಲ್ಲೇ ಕೂತು ಮಾಡುವ ಕೆಲಸ ಮೊದಲು. ಸರ್ವೆ ಆಫ್ ಇಂಡಿಯಾದ 1:50,000 ಹಾಳೆಗಳಲ್ಲಿ ಡಿಚೋಲಿ ಭಾಗ ಹಳೆಯ ಸಂಖ್ಯೆಯ ಪ್ರಕಾರ 48 ಇ/14ರಲ್ಲಿ, ಸಾವರ್ಡೆ 48 ಐ/3ರಲ್ಲಿ, ಸಾಂಗೆ ಮತ್ತು ರಿವಣ 48 ಐ/4ರಲ್ಲಿ ಬರುತ್ತವೆ. ಹೊಸ ಹಾಳೆಗಳ ಸಂಖ್ಯೆ ಬೇರೆ, ಹುಡುಕುವಾಗ ನೆನಪಿರಲಿ. ಆಮೇಲೆ ಗೂಗಲ್ ಅರ್ಥ್ ಪ್ರೊ ತೆಗೆದು ಹಳೆಯ ಚಿತ್ರಗಳ ಗಡಿಯಾರ ಒತ್ತಿ, 2012ಕ್ಕೆ ಮುಂಚಿನದೊಂದು, 2018ಕ್ಕೆ ಮುಂಚಿನದೊಂದು (ಗಣಿ ಬಂದ್ ಆದ ವರ್ಷಗಳು ಇವೆರಡು), ಈಚಿನದೊಂದು ಚಿತ್ರ ಉಳಿಸಿಕೊಳ್ಳಿ. ಮಳೆಗಾಲದ ಚಿತ್ರದಲ್ಲಿ ಡಂಪಿನ (ಗಣಿಯ ಮಣ್ಣು ಸುರಿದ ರಾಶಿಯ) ಮೇಲೂ ಹಸಿರು ಹಬ್ಬಿ ಗುಡ್ಡದಂತೆಯೇ ಕಾಣುತ್ತದೆ, ಫೆಬ್ರವರಿ-ಮಾರ್ಚಿನದನ್ನೇ ಆರಿಸಿ.

ಸ್ಥಳದಲ್ಲಿ ಬೇಕಾದ್ದು: 30 ಮೀಟರಿನ ಟೇಪು, ಎ3 ಹಾಳೆ ಹತ್ತು, ಕ್ಲಿಪ್ಪಿನ ಹಲಗೆ, ಪೆನ್ಸಿಲು, ದಿಕ್ಸೂಚಿ, ಫೋನು. ಅಳತೆ 1:500 ಇಟ್ಟುಕೊಳ್ಳಿ. ಒಂದು ಸೆಂಟಿಮೀಟರಿಗೆ 5 ಮೀಟರು. ಒಂದು ಎ3 ಹಾಳೆಯಲ್ಲಿ ಅಂಚು ಬಿಟ್ಟು ಸುಮಾರು 200 ಮೀಟರು ಉದ್ದ, 140 ಮೀಟರು ಅಗಲದ ಜಾಗ ಕೂರುತ್ತದೆ. ದೊಡ್ಡ ವಾಡೆಗೆ ಎರಡು ಹಾಳೆ ಜೋಡಿಸಬೇಕಾಗುತ್ತದೆ. ಮೊದಲು ರಸ್ತೆ ಎಳೆಯಿರಿ, ಆಮೇಲೆ ಬಾವಿ ಮತ್ತು ಗುಡಿ, ಕೊನೆಗೆ ಮನೆ. ಮನೆಯಿಂದ ಶುರು ಮಾಡಿದವರ ನಕ್ಷೆ ಮೂಲೆಗೆ ಬರುವಷ್ಟರಲ್ಲಿ ಹಾಳೆಯಿಂದ ಹೊರಬಿದ್ದಿರುತ್ತದೆ. ಫೋನಿನ ಜಿ.ಪಿ.ಎಸ್. ಮರದಡಿ ಐದಾರು ಮೀಟರು, ಕೆಲವೊಮ್ಮೆ ಹತ್ತು ಮೀಟರು ಆಚೀಚೆ ತೋರಿಸುತ್ತದೆ. ಅದನ್ನು ಬಾವಿ, ಗುಡಿ, ರಸ್ತೆ ಕೂಡುವ ಜಾಗ ಇವಕ್ಕೆ ಮಾತ್ರ ಬಳಸಿ. ಮನೆಯಿಂದ ಮನೆಗೆ ಟೇಪೇ ಸರಿ.

ಚಾಳ ಎಣಿಸುವಾಗ ಬಾಗಿಲು ಎಣಿಸಬೇಡಿ, ಒಲೆ ಎಣಿಸಿ. ಎರಡು ಖೋಲಿ ಒಂದು ಮಾಡಿಕೊಂಡ ಮನೆಯಿದೆ, ಒಂದೇ ಖೋಲಿಯಲ್ಲಿ ಅಣ್ಣತಮ್ಮಂದಿರ ಎರಡು ಒಲೆ ಉರಿಯುವ ಮನೆಯೂ ಇದೆ. ಮೂಲದ ಖೋಲಿ ಎಷ್ಟು ದೊಡ್ಡದಿತ್ತು ಎಂಬುದಕ್ಕೆ ಯಾರೂ ಮುಟ್ಟದ ಒಂದು ಖೋಲಿ ಹುಡುಕಿ ಒಳಗಿನ ಉದ್ದ, ಅಗಲ, ಗೋಡೆಯ ಎತ್ತರ ಅಳೆಯಿರಿ. ಗೋಡೆ ಚಿರೆಕಲ್ಲಿನದೋ, ಮಧ್ಯೆ ಮಣ್ಣಿನ ಗಾರೆಯೋ ಸಿಮೆಂಟೋ, ಮೇಲೆ ಮಂಗಳೂರು ಹೆಂಚೋ ಶೀಟೋ ಬರೆದುಕೊಳ್ಳಿ. ಹೆಂಚಿನ ಬೆನ್ನಮೇಲೆ ಕಾರ್ಖಾನೆಯ ಮುದ್ರೆ ಇರುತ್ತದೆ. ಅದರಿಂದ ಮನೆಯ ಕಾಲ ಹೇಳಲಿಕ್ಕೆ ಹೋಗಬೇಡಿ. ಬಿದ್ದ ಮನೆಯ ಹೆಂಚು ತಂದು ಹೊದಿಸುವುದು ಗೋವಾದಲ್ಲೂ ವಾಡಿಕೆ, ಕಾರವಾರದಲ್ಲೂ ವಾಡಿಕೆ.

ಗುಡಿಗಳಲ್ಲಿ ಯಲ್ಲಮ್ಮ, ದುರ್ಗಮ್ಮ, ಹನುಮಂತ, ಲಂಬಾಣಿ ಮನೆಗಳಿದ್ದರೆ ಸೇವಾಲಾಲ್. ಕಟ್ಟಿಸಿದವರ ಕನ್ನಡ ಕಲ್ಲುಬರಹ ಇದ್ದರೆ ಬೆಳಗ್ಗೆ ಎಂಟರೊಳಗೆ, ಬೆಳಕು ಓರೆಯಾಗಿ ಬೀಳುವಾಗ ಫೋಟೊ ತೆಗೆಯಿರಿ. ಅಕ್ಷರದೊಳಗೆ ಸುಣ್ಣ, ಎಣ್ಣೆ ತುಂಬಬೇಡಿ. ಶಕ ವರ್ಷಕ್ಕೆ 78 ಕೂಡಿಸಿದರೆ ಇಸವಿ, ಯುಗಾದಿಗೆ ಮುಂಚಿನ ತಿಂಗಳುಗಳಿಗೆ 79. ಸಂವತ್ಸರದ ಹೆಸರು ಮಾತ್ರ ಇದ್ದರೆ 60 ವರ್ಷಕ್ಕೊಮ್ಮೆ ತಿರುಗಿ ಬರುವುದನ್ನು ಲೆಕ್ಕಕ್ಕೆ ಹಿಡಿಯಿರಿ: ಕ್ರೋಧಿ 2024-25ರಲ್ಲಿ ಬಂದಿತ್ತು, ಅದರ ಹಿಂದಿನದು 1964-65. ಗಣಿವಾಡೆಯ ಗುಡಿಗೆ ಯಾವುದು ಹೊಂದುತ್ತದೆ ಎಂಬುದು ಕಲ್ಲನ್ನು ನೋಡಿದರೇ ತಿಳಿಯುತ್ತದೆ.

ಕಲ್ಲು, ಡಂಪು, ನೀರು

ಇದು ಕಬ್ಬಿಣದ ಗಣಿಯೋ ಮ್ಯಾಂಗನೀಸಿನದೋ ಎಂದು ಹೊಸ ತಲೆಮಾರಿಗೆ ಗೊತ್ತಿರದೆ ಇರಬಹುದು. ತೆಂಕಣ ಭಾಗದಲ್ಲಿ, ರಿವಣದ ಸುತ್ತ, ಎರಡೂ ಇದ್ದವು. ತಿಳಿಯಲು ಬಾತ್‌ರೂಮ್ ಟೈಲ್ಸಿನ ಒಂದು ತುಂಡು ಸಾಕು. ಅದರ ಮಿಂಚಿಲ್ಲದ ಒರಟು ಹಿಂಬದಿಗೆ ಕಲ್ಲನ್ನು ಉಜ್ಜಿ. ಗೆರೆ ಕುಂಕುಮದ ಕಡೆಗೆ ಹೊರಳುವ ಕೆಂಪಾದರೆ ಹೆಮಟೈಟ್, ಹಳದಿ ಕಂದಾದರೆ ಲಿಮೊನೈಟ್ ಅಥವಾ ಗೋಥೈಟ್. ಗೆರೆ ಕಪ್ಪಾಗಿ ಆಯಸ್ಕಾಂತ ಅಂಟಿದರೆ ಮ್ಯಾಗ್ನಟೈಟ್. ಗೆರೆ ಕಪ್ಪು, ಆಯಸ್ಕಾಂತ ಅಂಟದು, ಬೆರಳಿಗೆಲ್ಲ ಮಸಿ ಎಂದರೆ ಮ್ಯಾಂಗನೀಸ್. ಕಲ್ಲಿನ ಹೊರಗಿನ ಬಣ್ಣ ನಂಬಬೇಡಿ, ಹೆಮಟೈಟ್ ಹೊರಗೆ ಕಪ್ಪಗೇ ಇರುತ್ತದೆ. ಉಜ್ಜಿದ ಕಲ್ಲನ್ನು ಅಲ್ಲೇ ಬಿಟ್ಟು ಬನ್ನಿ. ಪರವಾನಗಿಯಿಲ್ಲದೆ ಅದಿರು ಸಾಗಿಸುವುದು ಅಪರಾಧ. ಚೀಲ ತುಂಬಾ ಕಲ್ಲಿದ್ದವರನ್ನು ವಾಚ್‌ಮನ್ ತಡೆದರೆ ತಪ್ಪು ಅವನದಲ್ಲ.

ಕಡಿದ ಗುಡ್ಡದ ಗೋಡೆಯಲ್ಲಿ ಮೇಲೆ ಗಟ್ಟಿ ಕೆಂಪುಕಲ್ಲಿನ ಟೋಪಿ, ಕೆಳಗೆ ಗಂಟು ಅದಿರು, ಅದರ ಕೆಳಗೆ ಪುಡಿ ಅದಿರು, ಪಕ್ಕದಲ್ಲಿ ಗುಲಾಬಿ, ಹಳದಿ, ಬಿಳಿ ಜೇಡಿಯ ಪಟ್ಟೆ ಕಾಣುತ್ತದೆ. ಆ ಜೇಡಿಯೇ ಡಂಪಾಗಿ ಬೀಳುವುದು. ಒಂದು ಟನ್ ಅದಿರಿಗೆ ಎರಡು ಮೂರು ಟನ್ ಮಣ್ಣು ಎತ್ತಿ ಹಾಕಬೇಕಾದ್ದರಿಂದ ಪಿಟ್ಟಿಗಿಂತ (ಗಣಿ ಅಗೆದ ಗುಂಡಿಗಿಂತ) ಡಂಪು ದೊಡ್ಡದಾಗಿರುವುದು ವಿಚಿತ್ರವಲ್ಲ. ನಿಜವಾದ ಗುಡ್ಡಕ್ಕೂ ಡಂಪಿಗೂ ವ್ಯತ್ಯಾಸ ದೂರದಿಂದಲೇ ತಿಳಿಯುತ್ತದೆ: ಡಂಪಿನ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ತಾರಸಿ, ಅದರಲ್ಲಿ ಸಾಲು ಹಿಡಿದು ನೆಟ್ಟ ಅಕೇಶಿಯಾ, ಗೇರು. ಕಾಡು ಸಾಲಿನಲ್ಲಿ ಬೆಳೆಯುವುದಿಲ್ಲ.

ಡಂಪಿನ ಅಂಚಿಗೆ ಸಮಾನಾಂತರವಾಗಿ ಬಿರುಕು ಕಂಡರೆ ಅದು ಜಾರಲು ಸಿದ್ಧವಾದ ಜಾಗ, ಅದರ ಕೆಳಗೂ ನಿಲ್ಲಬೇಡಿ, ಮೇಲೂ ನಿಲ್ಲಬೇಡಿ. ನೀರು ತುಂಬಿದ ಪಿಟ್ಟಿನ ದಂಡೆ ನೋಡಲು ಗಟ್ಟಿ, ಕಾಲಿಟ್ಟರೆ ಜೇಡಿ. ಒಳಗೆ ಮೆಟ್ಟಿಲಿನಂತೆ ಕಡಿದ ಬೆಂಚಿನ ಅಂಚು ಮುಗಿದೊಡನೆ ಆಳ ಒಮ್ಮೆಲೇ ಇಳಿಯುತ್ತದೆ. ಈಜು ಬಲ್ಲವರಿಗೂ ಹತ್ತಿ ಬರಲು ಹಿಡಿತ ಸಿಗುವುದಿಲ್ಲ. ಜೂನಿನಿಂದ ಅಕ್ಟೋಬರ್ ತನಕ ಈ ಕಡೆ ಸುಳಿಯಲೇಬೇಡಿ. ಸತ್ತರಿಯ ಕಾಡಂಚಿನ ವಾಡೆಗಳಾದರೆ ಮಂಗನ ಕಾಯಿಲೆಯ ಉಣ್ಣೆಯ ಕಾಟವೂ ಇದೆ. ಡಿಸೆಂಬರಿನಿಂದ ಮೇ ತನಕ ಅದರ ಹಂಗಾಮು. ಉದ್ದ ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ, ಸಂಜೆ ಬಂದೊಡನೆ ಬಿಸಿನೀರಲ್ಲಿ ಮೈ ತೊಳೆದು ಬಟ್ಟೆ ಒಗೆಯಲು ಹಾಕಿ. ನೇತ್ರಾವಳಿ, ಮಹದಾಯಿ ಅಭಯಾರಣ್ಯದ ಒಳಗಿನ ಜಾಗಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಲೀಸಿನೊಳಗಿನ ಜಾಗಕ್ಕೆ, ಗಣಿ ನಿಂತಿದ್ದರೂ, ಲೀಸುದಾರರ ಒಪ್ಪಿಗೆ ಬೇಕು. 2022ರ ಡಿಸೆಂಬರಿನಲ್ಲಿ ಹರಾಜಾದ ಬ್ಲಾಕುಗಳ ಕಡೆ ಟ್ರಕ್ಕು ಮತ್ತೆ ಓಡತೊಡಗಿವೆ ಕೂಡ.

ಬಾವಿಗಳನ್ನು ಅಳೆಯಲೇಬೇಕು. ಗಣಿ ಅಂತರ್ಜಲಕ್ಕಿಂತ ಕೆಳಗೆ ಇಳಿದಾಗ ಪಿಟ್ಟಿನ ನೀರನ್ನು ಪಂಪ್ ಹಚ್ಚಿ ಹೊರಹಾಕುತ್ತಾರೆ. ಸುತ್ತಲಿನ ನೀರೂ ಅತ್ತ ಸೋರಿ ಬಾವಿ ಬತ್ತುತ್ತದೆ. ಪಂಪ್ ನಿಂತ ಮೇಲೆ ನೀರು ಹಿಂದಿರುಗಿತೋ ಇಲ್ಲವೋ ಎಂಬುದೇ ಪ್ರಶ್ನೆ. ಹಗ್ಗಕ್ಕೆ ಭಾರ ಕಟ್ಟಿ, ನೀರು ಮುಟ್ಟಿದ ಗುರುತು ಹಿಡಿದು ಅಳೆಯಿರಿ. ಕಟ್ಟೆಯ ಮೇಲಿನಿಂದ ಅಳೆದರೆ ಕಟ್ಟೆಯ ಎತ್ತರ ಕಳೆಯಬೇಕು, ಇದನ್ನು ಮರೆತು ಎರಡು ಬಾವಿ ಹೋಲಿಸಿದರೆ ಲೆಕ್ಕವೆಲ್ಲ ಸುಳ್ಳು. ಬೆಳಗ್ಗೆ ಜನ ಸೇದುವ ಮುಂಚೆ, ನವೆಂಬರಿನಲ್ಲೊಮ್ಮೆ, ಮೇ ಕೊನೆಗೊಮ್ಮೆ. ‘ಈ ಬಾವಿ ಎಂದು ಬತ್ತಿತು, ಎಂದು ಮರಳಿ ಬಂತು’ ಎಂದು ನೀರು ಸೇದುವ ಹೆಂಗಸರನ್ನು ಕೇಳಿ, ಗಂಡಸರನ್ನಲ್ಲ.

ಕೆಳಗಿನ ಗದ್ದೆಯಲ್ಲಿ ಮಾಲೀಕರನ್ನು ಕೇಳಿ ಒಂದು ಅಡಿ ಆಳದ ಗುಂಡಿ ತೋಡಿದರೆ ಮೇಲಿನ ಕೆಂಪು ನುಣುಪು ಪದರ, ಕೆಳಗಿನ ಕಪ್ಪು ಗದ್ದೆಮಣ್ಣು ಬೇರೆಯಾಗಿ ಕಾಣುತ್ತವೆ. ಕೆಂಪು ಪದರ ಡಂಪಿನಿಂದ ಮಳೆನೀರಲ್ಲಿ ತೊಳೆದು ಬಂದದ್ದು, ಒಣಗಿದರೆ ಹೆಂಚಿನಂತೆ ಬಿರಿಯುತ್ತದೆ. ಪದರದ ದಪ್ಪ ಬರೆದು, ಗುಂಡಿ ಮುಚ್ಚಿ.

ಜನರ ಮಾತು

ರೆಕಾರ್ಡಿಂಗಿಗೆ ಫೋನೇ ಸಾಕು. ವಿಮಾನ ಮೋಡಿಗೆ ಹಾಕಿ, ಮಾತಾಡುವವರಿಂದ ಒಂದು ಅಡಿ ದೂರ, ಮಡಚಿದ ಟವೆಲಿನ ಮೇಲೆ ಇಡಿ. ಫ್ಯಾನ್ ನಿಲ್ಲಿಸಿ. ಶೀಟಿನ ಮಾಡಿನ ಮೇಲೆ ಗಾಳಿ ಬಿದ್ದರೆ ದಡಬಡ ಸದ್ದು, ಹಾಗಾಗಿ ಮರದ ಕೆಳಗೇ ಒಳ್ಳೆಯದು. ಒಂದು ಗಂಟೆ ಮೀರಬೇಡಿ. ಶುರುವಿನಲ್ಲಿ ತಾರೀಖು, ಜಾಗ, ಯಾರ್ಯಾರು ಕೂತಿದ್ದೀರಿ ಎಂದು ನೀವೇ ಹೇಳಿ.

‘ನಿಮ್ಮ ಜೀವನದ ಬಗ್ಗೆ ಹೇಳಿ’ ಎಂದರೆ ‘ಏನ್ ಹೇಳೂದ್ರೀ, ದುಡದ್ವಿ, ತಿಂದ್ವಿ’ ಎಂದು ಮುಗಿದುಹೋಗುತ್ತದೆ. ಸಣ್ಣ ಪ್ರಶ್ನೆ ಕೇಳಬೇಕು. ‘ಯವ್ವಾ, ಪಗಾರ ವಾರಕ್ಕೊಮ್ಮೆ ಕೊಡ್ತಿದ್ರೋ ತಿಂಗಳಿಗೋ? ಮುಕಾದಮ ಎಷ್ಟು ಹಿಡ್ಕೊಂತಿದ್ದ?’ ‘ಕಾಕಾ, ಬುಟ್ಟೀಲೆ ಹೊರೂದು ಬಿಟ್ಟು ಮಷೀನ್ ಬಂದಾಗ ಮನ್ಯಾಗ ಯಾರ ಕೆಲಸ ಹೋತು?’ ‘ಜೋಳ ಎಲ್ಲಿಂದ ತರ್ತಿದ್ರಿ?’ ‘ಹೆರಿಗೆಗೆ ಊರಿಗೆ ಹೋಗ್ತಿದ್ರೋ ಇಲ್ಲೇನೋ?’ ಜೋಳದ ಪ್ರಶ್ನೆಗೆ ಬಂದಷ್ಟು ಉತ್ತರ ಬೇರೆ ಯಾವುದಕ್ಕೂ ಬರುವುದಿಲ್ಲ, ಅಕ್ಕಿಯ ನಾಡಿನಲ್ಲಿ ರೊಟ್ಟಿ ತಟ್ಟಿದವರು ಅವರು. ಪಕ್ಕದ ಕೊಂಕಣಿ ಮನೆಯ ಹಿರಿಯರನ್ನೂ ಬಿಡಬೇಡಿ. ಹೊರಗಿನಿಂದ ಬಂದವರನ್ನು ಅವರು ಮೊದಲು ನೋಡಿದ ಬಗೆ ಬೇರೆಯದೇ ಕಥೆ. ‘ಘಾಟಿ’ (ಘಟ್ಟದಾಚೆಯವರು ಎಂದು ಹಂಗಿಸುವ ಮಾತು) ಎಂಬ ಮಾತು ಬಂದರೆ ತಿದ್ದದೆ, ನಗದೆ, ಹಾಗೇ ಬರೆದುಕೊಳ್ಳಿ.

ಇಸವಿ ಕೇಳಬೇಡಿ, ಗೂಟ ಕೊಡಿ. 1961ರ ಡಿಸೆಂಬರಿನಲ್ಲಿ ಸೈನ್ಯ ಬಂದದ್ದು, 1972ರ ಬರಗಾಲ, ಎಮರ್ಜೆನ್ಸಿ, 1987ರಲ್ಲಿ ಗೋವಾ ರಾಜ್ಯವಾದದ್ದು, 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡತೊಡಗಿದ್ದು. ‘ಬರಗಾಲಕ್ಕ ಮುಂಚೆ ಬಂದ್ರೋ ಆಮ್ಯಾಗೋ?’ ಎಂದರೆ ಉತ್ತರ ತಟ್ಟನೆ ಬರುತ್ತದೆ.

‘ಬಂದ್ ಆದ ಮ್ಯಾಲೆ’ ಎಂಬ ಮಾತಿನಲ್ಲಿ ಮಾತ್ರ ಎಚ್ಚರ ಬೇಕು. ಬಂದ್ ಒಂದಲ್ಲ. 2012ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಗಣಿ ನಿಲ್ಲಿಸಿತು, ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟೂ ತಡೆಯಿತು. 2014ರ ಏಪ್ರಿಲಿನಲ್ಲಿ ವರ್ಷಕ್ಕೆ 2 ಕೋಟಿ ಟನ್ನಿನ ಮಿತಿ ಹಾಕಿ ತೆರೆಯಿತು. 2018ರ ಫೆಬ್ರವರಿ 7ರಂದು 88 ಲೀಸುಗಳ ನವೀಕರಣವನ್ನು ಕೋರ್ಟ್ ರದ್ದುಮಾಡಿತು, ಮಾರ್ಚ್ 16ರಿಂದ ಗಣಿ ಮತ್ತೆ ನಿಂತಿತು. ಟಿಪ್ಪರ್ ಮಾರಿದ್ದು, ಮಗ ವಾಸ್ಕೋಗೆ ಕೆಲಸಕ್ಕೆ ಹೋದದ್ದು ಯಾವ ಬಂದಿನಲ್ಲಿ ಎಂದು ಪ್ರತಿ ಸಲ ಕೇಳಿ. ಕೇಳದೆ ಬಿಟ್ಟರೆ ಆರು ವರ್ಷದ ತಪ್ಪು ನುಸುಳುತ್ತದೆ. ಅಭಯಾರಣ್ಯದ ಮಗ್ಗುಲಿನ ವಾಡೆಗಳಲ್ಲಿ ಇವೆರಡಕ್ಕೂ ಮುಂಚಿನ ಬಂದ್ ಒಂದಿರುತ್ತದೆ.

ಬರೆದಿಳಿಸುವಾಗ ಆಡುಮಾತನ್ನು ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ಹಾಜರಿ, ಪಾಳಿ, ಖೋಲಿ, ಜೆಟ್ಟಿ, ಬಾರ್ಜ್, ಲಂಪ್, ಫೈನ್ಸ್ ಎಂದು ಅವರು ಅಂದದ್ದು ಹಾಗೇ ಇರಲಿ. ಒಂದು ಗಂಟೆಯ ಮಾತಿಗೆ ಐದಾರು ಗಂಟೆ ಬರವಣಿಗೆ ಹಿಡಿಯುತ್ತದೆ, ವಾರದೊಳಗೆ ಮುಗಿಸದಿದ್ದರೆ ಯಾರ ದನಿ ಯಾರದೆಂದು ನಿಮಗೇ ಮರೆತಿರುತ್ತದೆ.

ಹೊರಗೆ ಬಿಡುವುದು, ಒಳಗೆ ಇಡುವುದು

ಎರಡು ಪ್ರತಿ ಮಾಡಿ. ಒಂದರಲ್ಲಿ ಎಲ್ಲವೂ ಇರಲಿ. ಹೊರಗೆ ಕೊಡುವ ಪ್ರತಿಯಲ್ಲಿ ಮನೆಯ ನಂಬರೂ ಯಜಮಾನನ ಹೆಸರೂ ಜೊತೆಗೆ ಬರಬಾರದು. ಇದು ನಾಚಿಕೆಯ ಮಾತಲ್ಲ: ನೆಲದ ಹಕ್ಕು ಇತ್ಯರ್ಥವಾಗದ ವಾಡೆಯಲ್ಲಿ ‘ಈ ಮನೆ 1995ರಲ್ಲಿ ಕಟ್ಟಿದ್ದು’ ಎಂದು ನೀವು ಅಚ್ಚುಹಾಕಿದ ಒಂದು ಸಾಲು ನಾಳೆ ಯಾರದೋ ಕೇಸಿನಲ್ಲಿ ಕಾಗದವಾಗಿ ಹಾಜರಾಗುತ್ತದೆ. ಅಪಘಾತದಲ್ಲಿ ಸತ್ತವರ ವಿಷಯ, ಬಾಕಿ ಪಗಾರದ ವಿಷಯ ಮನೆಯವರು ಮತ್ತೊಮ್ಮೆ ಓದಿಸಿ ಕೇಳಿ ಒಪ್ಪಿದ ಮೇಲೆಯೇ ಹೊರಗೆ. ಒಪ್ಪಿಗೆ ಚೀಟಿ ಕನ್ನಡದಲ್ಲೇ, ನಾಲ್ಕು ಸಾಲು ಸಾಕು. ಸಹಿ ಅಥವಾ ಹೆಬ್ಬೆಟ್ಟು, ಮತ್ತು ‘ಬೇಡ ಅನ್ನಿಸಿದರೆ ತೆಗೆಸಬಹುದು’ ಎಂಬ ಸಾಲು.

ಫೈಲಿನ ಹೆಸರು ಹೀಗಿರಲಿ: ವರ್ಷ-ತಿಂಗಳು-ದಿನ, ವಾಡೆ, ವಿಷಯ, ಕ್ರಮಸಂಖ್ಯೆ. ಮೂರು ಕಡೆ ಉಳಿಸಿ: ಒಂದು ಲ್ಯಾಪ್‌ಟಾಪಿನಲ್ಲಿ, ಒಂದು ಹಾರ್ಡ್ ಡಿಸ್ಕಿನಲ್ಲಿ, ಒಂದು ಬೇರೆಯವರ ಮನೆಯಲ್ಲಿ. ಕಾಗದದ ಮೂಲ ನಕ್ಷೆಯನ್ನು ಸುತ್ತಿಡಬೇಡಿ, ಲ್ಯಾಮಿನೇಟ್ ಮಾಡಿಸಬೇಡಿ. ಚಪ್ಪಟೆ ಫೈಲಿನಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗೋಡೆಗೆ ತಾಗದಂತೆ ಇಡಿ. ವಾಡೆಗೆ ಕೊಡುವ ಪ್ರತಿಯನ್ನು, ದೊಡ್ಡ ಅಕ್ಷರದಲ್ಲಿ, ಕನ್ನಡ ಮತ್ತು ದೇವನಾಗರಿ ಎರಡರಲ್ಲೂ ಬರೆದ ನಕ್ಷೆಯ ಸಮೇತ, ಮೇ ಮುಗಿಯುವ ಮುಂಚೆ ಮುಟ್ಟಿಸಿ. ಗುಡಿಯಲ್ಲಿ ತೂಗುಹಾಕುತ್ತೇವೆ ಎಂದರೆ ಹೊರಗೋಡೆ ಬೇಡ, ಒಳಗೋಡೆಗೆ ಹಾಕಿಸಿ. ಜೂನಿನ ಮೊದಲ ವಾರದ ಮಳೆಗೇ ಹೊರಗೋಡೆ ಒದ್ದೆಯಾಗುತ್ತದೆ, ಇಂಕ್‌ಜೆಟ್ ಮಸಿ ಹರಿದು ಬಾವಿ ಎಲ್ಲಿ, ಚಾಳ ಎಲ್ಲಿ ಎಂದು ತಿಳಿಯದಂತಾಗುತ್ತದೆ.